ಯಾಳಿ ಕಾಲೂರಿದ ಜಾಗ

ಬೆಟ್ಟಗಳಿಗೆ ಇನ್ನೂ ರೆಕ್ಕೆಯಿದ್ದ ಕಾಲದಲ್ಲಿ ಹೊಂಗನೂರು ಎಂಬ ರಾಜ್ಯವಿತ್ತು. ಧೂಮಕೇಶಿ ಎಂಬ ಮಾಂತ್ರಿಕ ಅದನ್ನು ಕಿತ್ತುಕೊಂಡು, ಎದುರಾದವರನ್ನೆಲ್ಲ ಕಲ್ಲು ಮಾಡಿದ. "ನಿಮ್ಮವರು ಬೇಕೇ? ತಪ್ಪಿಲ್ಲದ ಕೌದಿ ಹೊಲಿದು ತನ್ನಿ. ಮೂರು ಸಲ ತಪ್ಪಿದರೆ ನೀವೂ ಕಲ್ಲು!" ಎಂದು ಸಾರಿದ. ಒಂದು ತುಂಡು ಮುಗಿದಲ್ಲೇ ಎಳೆಗೆ ಗಂಟು ಬೀಳಬೇಕು ಎಂಬಂಥ ಕೌದಿಯ ಕಟ್ಟಳೆಗಳನ್ನೆಲ್ಲ ಕಂಚಿನ ಜೊತೆ ಕರಗಿಸಿ, ಪರೀಕ್ಷೆಗೊಂದು ಸಿಂಹಮುಖದ ಯಾಳಿಯನ್ನು ಎರಕ ಹೊಯ್ದ. ಹೇಳಿದಷ್ಟೇ ಮಾಡುವ ಪ್ರಾಣಿ ಅದು.

ಬಾಳವ್ವನ ತಮ್ಮ ಸಿದರಾಯ ಕಲ್ಲಾಗಿ ಕೋಟೆಬಾಗಿಲಲ್ಲಿ ನಿಂತಿದ್ದ. ಅವಳು ಹಳೇ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ತಂದಳು. ಯಾಳಿ ಎಳೆ ಎಳೆಯನ್ನೂ ನೆಕ್ಕುತ್ತ ಹೋಗಿ "ತಪ್ಪು!" ಎಂದು ಉಗುಳಿತು.

"ಎಲ್ಲಿ?"

"ಅದನ್ನು ನನಗೆ ಹೇಳಿಕೊಟ್ಟಿಲ್ಲ."

"ಹೇಳಿಕೊಟ್ಟಿಲ್ಲವಂತೆ! ಕೌದಿಯಗಲ ಹುಡುಕುತ್ತ ನಾನು ಮುದುಕಿಯಾಗಲೇನು? ನಿನ್ನ ನಾಲಿಗೆ ನಿಂತ ಜಾಗವನ್ನಾದರೂ ಹೇಳು!"

ಅದೇ ಕೌದಿಯನ್ನು ಎರಡನೇ ಸಲ ನೆಕ್ಕಿ ಯಾಳಿ, "ತಪ್ಪು! ಕೊನೆಯ ಅಂಚಿನಲ್ಲಿ!" ಎಂದಿತು. ಬಾಳವ್ವ ಅಂಚನ್ನೆಲ್ಲ ಬಿಚ್ಚಿ ನೋಡಿದಳು. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಹೊಲದಲ್ಲಿ ಮುಳ್ಳು ತುಳಿದು ಹೊಸ್ತಿಲಲ್ಲಿ ಬಿದ್ದವನು, ಹೊಸ್ತಿಲೇ ಚುಚ್ಚಿತು ಅಂದ ಹಾಗಾಯಿತಲ್ಲ, ಕಂಚಿನ ಮೊದ್ದೇ! ಎಲ್ಲೋ ಗಂಟು ಸಿಗದೆ, ಅದನ್ನು ಹುಡುಕುತ್ತ ಅಂಚಿನವರೆಗೂ ನೆಕ್ಕಿದ್ದೀಯ. ನೀನು ಬಿದ್ದ ಜಾಗ ಯಾರಿಗೆ ಬೇಕು? ಹೊಸ ತುಂಡಿಗೆ ಬಾಯಿ ಹಾಕಿದಾಗಲೆಲ್ಲ ಅದರ ಮೊದಲ ಹೊಲಿಗೆಯ ಮೇಲೆ ಒಂದು ಕಾಲೂರು. ಗಂಟು ಸಿಗುವವರೆಗೂ ಎತ್ತಬೇಡ!"

ಬಾಳವ್ವ ಅಂಚನ್ನು ಮತ್ತೆ ಹೊಲಿದು ತಂದಳು. ಮೂರನೇ ಸಲ ಯಾಳಿ ಕಾಲೂರುತ್ತ, ಎತ್ತುತ್ತ, ಮತ್ತೆ ಊರುತ್ತ ನೆಕ್ಕಿತು. "ತಪ್ಪು!" ಅಂದದ್ದೇ ತಡ, ಬಾಳವ್ವನ ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು. ಅವಳು ಯಾಳಿಯ ಕಾಲಡಿ ನೋಡಿದಳು. ಕೆಂಪು ತುಂಡು! ದಾರ ಉಳಿಸುವ ಆಸೆಗೆ ಗಂಟು ಹಾಕದೆ ಅದೇ ಎಳೆಯನ್ನು ಮುಂದಕ್ಕೆ ಎಳೆದುಬಿಟ್ಟಿದ್ದಳು. ಸೊಂಟ ಕಲ್ಲಾಗುವಷ್ಟರಲ್ಲಿ ಗಂಟು ಬಿಗಿದಳು.

"ಸರಿ" ಎಂದಿತು ಯಾಳಿ. ಕಲ್ಲು ಸಡಿಲಿತು. ಸಿದರಾಯ ಆಕಳಿಸಿದ.

"ಅಕ್ಕಾ, ಕೆಂಪು ತುಂಡು ಅಂತ ಮೊದಲ ದಿನವೇ ಕಂಡಿತ್ತು. ಬಾಯಿ ಕಲ್ಲಾಗಿತ್ತಲ್ಲ!"

"ಈಗ ಬಾಯಿ ಬಂತೇನೋ, ಜಾಣ!"

ಧೂಮಕೇಶಿ ಹಾರಿಬಂದ. "ಜಾಗ ತೋರಿಸು ಅಂತ ನಿನಗೆ ಯಾರು ಹೇಳಿದ್ದು?" ಎಂದು ಯಾಳಿಯನ್ನು ಒದ್ದ. ಯಾಳಿಗೆ ಒಡೆಯನಾದರೇನು, ಬಡವನಾದರೇನು? ಅವನ ಶಕ್ತಿಯೆಲ್ಲ ಅಡಗಿದ್ದ ಮಾಯದ ನಿಲುವಂಗಿಯನ್ನೂ ನೆಕ್ಕಿ, ಹೆಗಲ ಮೇಲೆ ಕಾಲೂರಿ "ತಪ್ಪು! ಇಲ್ಲಿ!" ಎಂದಿತು.

"ಊರನ್ನೆಲ್ಲ ಗೋಳುಹೊಯ್ದುಕೊಂಡವನ ಹೊಲಿಗೆ ನೋಡಿರೇ!" ಎಂದು ಬಾಳವ್ವ ಆ ಎಳೆ ಹಿಡಿದು ಜಗ್ಗಿದಳು. ನಿಲುವಂಗಿ ಬಿಚ್ಚಿತು, ಮಾಂತ್ರಿಕ ಹೊಗೆಯಾದ, ಕಲ್ಲುಗಳೆಲ್ಲ ಮನುಷ್ಯರಾಗಿ ಮನೆಗೆ ನಡೆದವು.

ಅಂದಿನಿಂದ ಹೊಂಗನೂರಿನಲ್ಲಿ ತಪ್ಪು ಅನ್ನುವವರು ಬೆರಳಿಟ್ಟು ತೋರಿಸಿಯೇ ಅನ್ನಬೇಕಾಯಿತು. ಅಲ್ಲಿಯವರು ಕೌದಿ ಹೊದ್ದು ಬೆಚ್ಚಗೆ ಬಾಳಿದರು, ನೀವೂ ಬೆಚ್ಚಗೆ ಮಲಗಿ.