ಗಾಳಿಯಲ್ಲಿ ನಿಂತ ಕಾಲು

ಫೋನಿನ ಪರದೆಯಲ್ಲಿ ಪುಟ್ಟ ತಮ್ಮ ಒಂದು ಕಾಲು ಎತ್ತಿದ. ಅದು ಗಾಳಿಯಲ್ಲೇ ನಿಂತುಬಿಟ್ಟಿತು.

ಶಿವಕಾಂತಾ ಫೋನನ್ನು ಕಿಟಕಿಯ ಹತ್ತಿರ ಒಯ್ದಳು, ತಲೆಯ ಮೇಲೆ ಎತ್ತಿ ಹಿಡಿದಳು. ಕಾಲು ಕೆಳಗೆ ಬರಲಿಲ್ಲ. ಅವ್ವನ ಬಾಯಿ ತೆರೆದಂತೆಯೇ ಇತ್ತು. ಕೊನೆಗೆ ಇಬ್ಬರೂ ಮಾಯವಾದರು.

“ಕಾಕಾ, ನೆಟ್ ಮತ್ತ ಹೋಯ್ತು.”

ಅದು ಮಳೆ ಬಾರದ ವರ್ಷ. ಹಲಬರ್ಗಾದ ಹೊಲದಲ್ಲಿ ತೊಗರಿ ಒಣಗಿದ ಮೇಲೆ ಅಪ್ಪ ಮತ್ತು ಅವ್ವ ಕೂಸನ್ನು ಎತ್ತಿಕೊಂಡು ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಶಾಲೆ ತಪ್ಪಬಾರದೆಂದು ಶಿವಕಾಂತಾಳನ್ನು ಬೀದರಿನ ಮೈಲೂರದಲ್ಲಿ ಅಜ್ಜಿ ಈರಮ್ಮ ಮತ್ತು ಮಡೆಪ್ಪ ಕಾಕಾನ ಬಳಿ ಬಿಟ್ಟಿದ್ದರು. ಈಗ ಕೂಸು ನಡೆಯಲು ಕಲಿಯುತ್ತಿತ್ತು. ಅಕ್ಕ ಅದರ ಒಂದು ಹೆಜ್ಜೆಯನ್ನೂ ನೋಡಿರಲಿಲ್ಲ.

ಕಾಕಾ ಲ್ಯಾಪ್‌ಟಾಪ್ ತೆರೆದು ರೌಟರಿನ ಸೆಟ್ಟಿಂಗ್‌ಗೆ ಹೋದ. ಓಣಿಯ ಎಲ್ಲರ ವೈಫೈ ಒಂದೇ ಚಾನೆಲ್‌ನಲ್ಲಿದೆ, ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ ಹಾಗೆ ಆಗಿದೆ ಎಂದು ವಿವರಿಸಿದ. ಚಾನೆಲ್ ಬದಲಿಸಿದ. ಅಂದು ಏನೂ ಆಗಲಿಲ್ಲ. ಆದರೆ ದಿನ ಕಳೆದಂತೆ ಚಿತ್ರ ತಿಳಿಯಾಗುತ್ತ ಬಂತು. ಒಂದು ಸಂಜೆ ಅವ್ವನ ಮೂಗುತಿ ಕೂಡ ಕಾಣಿಸಿತು. ಏನು ಮಾಡುವುದು, ಆಗ ತಮ್ಮ ನಿದ್ದೆ ಮಾಡುತ್ತಿದ್ದ.

“ನೋಡ್ದಿ? ಸೆಟ್ಟಿಂಗ್ ಗೊತ್ತಿರಬೇಕು,” ಎಂದು ಕಾಕಾ ಮೀಸೆ ತಿರುವಿದ.

ಮರುದಿನ ನೀರಿನ ಟ್ಯಾಂಕರ್ ಬಂತು. ಅಜ್ಜಿ ತುಂಬಿದ ಕೊಡಗಳನ್ನೆಲ್ಲ ಎಂದಿನಂತೆ ದೇವರ ಕೋಣೆಗೆ ಒಯ್ದಳು. ದೇವರನ್ನಿಟ್ಟ ಜಗಲಿಯ ಮುಂದೆ ಕೊಡದ ಮೇಲೆ ಕೊಡ ಪೇರಿಸಿ, ವಿಭೂತಿ ಹಚ್ಚಿ, ಗಂಗೆಗೆ ಕೈಮುಗಿದಳು. ಆಮೇಲೆಯೇ ಒಂದು ತಂಬಿಗೆ ನೀರು ಹೊರಗೆ ಬಂದದ್ದು.

ಸಂಜೆ ಪರದೆಯಲ್ಲಿ ಅವ್ವನ ಮುಖ ಚೂರುಚೂರಾಯಿತು. ಕಾಕಾ ಮತ್ತೆ ಚಾನೆಲ್ ಬದಲಿಸಿದ, ರೌಟರ್ ಆಫ್ ಮಾಡಿ ಆನ್ ಮಾಡಲು ಶಿವಕಾಂತಾಳನ್ನು ಕಳಿಸಿದ. ರೌಟರ್ ಇದ್ದದ್ದು ಜಗಲಿಯ ಕೆಳಗೆ. ಪ್ಲಗ್ ಇದ್ದದ್ದು ಅಲ್ಲಿಯೇ, ವೈರ್ ಬೇರೆ ಕಡೆಗೆ ಸಾಲುತ್ತಿರಲಿಲ್ಲ. ಫೋನನ್ನಂತೂ ಅಜ್ಜಿ ದೇವರ ಕೋಣೆಯೊಳಗೆ ಬಿಡುತ್ತಿರಲಿಲ್ಲ.

ಬಾಗಿಲಲ್ಲೇ ಶಿವಕಾಂತಾ ನಿಂತಳು. ನಿನ್ನೆ ಖಾಲಿ ಕೊಡಗಳನ್ನು ಅಜ್ಜಿ ಹಿತ್ತಲಲ್ಲಿ ಬೋರಲು ಹಾಕಿದ್ದಳು. ರೌಟರಿನ ಹಸಿರು ದೀಪ ಇಲ್ಲಿಂದಲೇ ಮಿನುಗುತ್ತಿತ್ತು. ಇವತ್ತು ಕಾಣುವುದು ಸ್ಟೀಲಿನ ಗೋಡೆ.

ಅವಳು ಮೆಲ್ಲಗೆ ಹಿಂದಿರುಗಿ ಬಂದಳು. “ಕಾಕಾ, ನೀರು ಇದ್ದ ದಿನ ಅವ್ವ ಬರಂಗಿಲ್ಲ. ನೀರು ತೀರಿದ ದಿನ ಬರ್ತಾಳ.”

ಕಾಕಾನ ಕೈ ನಿಂತಿತು. ಲೋಹ ಮತ್ತು ನೀರು ವೈಫೈಯನ್ನು ತಡೆಯುತ್ತವೆ ಎಂದು ಅವನು ಎಲ್ಲೋ ಓದಿದ್ದ. ಈಗ ನೆನಪಾಯಿತು. “ಪೂಜಿ ಮಾಡಿದ ಕೊಡ ಅವ,” ಎಂದು ಅಜ್ಜಿ ಇದ್ದ ಕಡೆ ನೋಡಿ ಪಿಸುಗುಟ್ಟಿದ. “ಆಯಿಗಿ ನಾ ಹೇಳಂಗಿಲ್ಲ. ನೀನೇ ಹೇಳು.”

ಅಜ್ಜಿ ಜಪ ಮುಗಿಸಿ ಏಳುತ್ತಿದ್ದಳು.

“ಆಯಿ, ಕೊಡ ಜರಾ ಸರಸ್ಲೇನು? ಅವು ಅಡ್ಡ ಆಗ್ಯಾವ. ತಮ್ಮ ನಡೀಲಿಕತ್ತಾನ, ಕಾಣಸವಲ್ಲ.”

ಅಜ್ಜಿ ಕೊಡಗಳನ್ನು ನೋಡಿದಳು, ಜಗಲಿಯನ್ನು ನೋಡಿದಳು.

ಅಜ್ಜಿ ಸೆರಗು ಸಿಕ್ಕಿಸಿದಳು. “ಆ ಕಡಿ ಹಿಡಿ. ಗಂಗವ್ವ ಪಡಸಾಲ್ಯಾಗ ಕುಂತ್ರೂ ಗಂಗವ್ವನೇ.”

ಒಂದೊಂದೇ ಕೊಡ ಪಡಸಾಲೆಗೆ ಬಂತು. ಕೊನೆಯದು ತುಳುಕಿ ನೀರು ನೆಲದ ಮೇಲೆ ಹರಿಯಿತು. ಅಷ್ಟರಲ್ಲಿ ಫೋನ್ ರಿಂಗಾಯಿತು.

“ಅತ್ತಿ, ಕಾಣಸ್ತದೇನ್ರಿ?” ಅವ್ವನ ಮಾತು ಸ್ವಚ್ಛವಾಗಿ ಕೇಳಿಸಿತು.

ಪರದೆಯಲ್ಲಿ ತಮ್ಮ ಹಿಡಿದಿದ್ದ ಗೋಡೆಯನ್ನು ಬಿಟ್ಟ. ಒಂದು ಕಾಲು ಎತ್ತಿದ. ಕಾಲು ಗಾಳಿಯಲ್ಲಿ ಓಲಾಡಿತು. ಆಮೇಲೆ ನೆಲಕ್ಕೆ ಬಂತು. ಮತ್ತೊಂದು ಕಾಲೂ ಬಂತು.

“ಹೆಜ್ಜಿ ಇಟ್ಟ ನೋಡು,” ಎಂದಳು ಅಜ್ಜಿ, ತನಗಷ್ಟೇ ಕೇಳುವಂತೆ. ಅವಳ ಒದ್ದೆ ಬೆರಳು ಪರದೆಯ ಮೇಲೆ ಕೂಸಿನ ಹಿಂದೆಯೇ ಸರಿಯುತ್ತಿತ್ತು.

ಕೈ ತೊಳೆಯುವಾಗ ಒಂದು ಹನಿ ಹೆಚ್ಚು ಬಿದ್ದರೂ ಗದರುವ ಅಜ್ಜಿ ಈಗ ಚೆಲ್ಲಿದ ನೀರಿನಲ್ಲೇ ನಿಂತಿದ್ದಳು. ಕೆಳಗೆ ನೋಡಿರಲಿಲ್ಲ.

ಶಿವಕಾಂತಾ ಫೋನನ್ನು ಅಜ್ಜಿಯ ಕಡೆಗೆ ಇನ್ನಷ್ಟು ತಿರುಗಿಸಿ ಹಿಡಿದಳು.