ಎಡಕ್ಕೆ ಒರಗಿದ ಕುಣಿಕೆ

"ನನಗೂ ಕಲಿಸ್ತೀರಾ?"

ಬಾಗಿಲು ತೆರೆದವಳು ಬೆಚ್ಚಿದಳು. ಎದುರಿಗೆ ಮೋಟಾರ್ ವೈಂಡಿಂಗ್ ಅಂಗಡಿಯವನು! ಅವಳು ತಾಮ್ರದ ತಂತಿ ಕೊಳ್ಳುತ್ತಿದ್ದದ್ದು ಅವನಲ್ಲೇ.

"ಏನು ಕಲಿಸ್ಬೇಕು?"

"ತಂತಿ ಹೆಣೆದು ಸರ ಮಾಡೋದು."

ಗಂಡಸು... ಸರ ಹೆಣೆಯೋದು? ಯಾರು ಕಳಿಸಿರಬಹುದು ಇವನನ್ನ?

ಹಿಂದೊಮ್ಮೆ ಜೀವದ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು. ಆ ಗೆಳತಿ ಇವಳ ವಿನ್ಯಾಸವನ್ನೇ ತನ್ನದೆಂದು ಪೇಟೆಯ ಅಂಗಡಿಗೆ ಕೊಟ್ಟಿದ್ದಳು. ಅಂದಿನಿಂದ ಇವಳು ಮಜ್ಜಿಗೆಯನ್ನೂ ಊದಿ ಕುಡಿಯುವವಳೇ.

"ಒಳಗೆ ಕರಿಯೇ, ಪಾಪ! ಬಾಗಿಲಲ್ಲೇ ವಿಚಾರಣೆ ನಡೆಸ್ತೀಯಲ್ಲ, ನಿನ್ನ ಪೊಲೀಸ್ ಕೆಲಸಕ್ಕೆ ಸೇರಿಸ್ಬೇಕಿತ್ತು," ಅಡುಗೆಮನೆಯಿಂದ ಅತ್ತಿಗೆಯ ದನಿ ಬಂತು.

ಒಲ್ಲದ ಮನಸ್ಸಿನಿಂದಲೇ ಕಲಿಸತೊಡಗಿದಳು. ಪೆನ್ಸಿಲ್ಲಿಗೆ ತಂತಿ ಸುತ್ತಿ, ಒಂದು ಕುಣಿಕೆಯ ಹಿಂದಿನಿಂದ ಇನ್ನೊಂದನ್ನು ಎಳೆಯುವ ಕೆಲಸ. ಅವನ ಸಾಲು ಗೋಜಲಾಯಿತು.

"ಅಯ್ಯೋ, ನೀವು ಎಡಚರಾ! ಪಕ್ಕದಲ್ಲಿ ಬೇಡ, ಎದುರಿಗೆ ಕೂತ್ಕೊಳ್ಳಿ. ಕನ್ನಡೀಲಿ ನೋಡ್ಕೊಂಡ ಹಾಗೆ ಮಾಡಿ."

ಎದುರಿಗೆ ಕೂತ. ಅವಳ ಬಲಗೈ ಎಳೆದಾಗ ಅವನ ಎಡಗೈ ಎಳೆಯಿತು. ತಲೆ ಎತ್ತಿದರೆ ಕಣ್ಣಿಗೆ ಕಣ್ಣು... ಅವಳು ತಟ್ಟನೆ ತಂತಿಯತ್ತ ಬಾಗಿದಳು.

ಬೇಡ ಮನಸೇ. ಇವನು ಯಾಕೆ ಬಂದಿದ್ದಾನೆ ಅನ್ನೋದೇ ನಿನಗಿನ್ನೂ ಗೊತ್ತಿಲ್ಲ!

ಅವನು ಹೊರಟಾಗಲೆಲ್ಲ ಹೆಣೆದ ತುಣುಕುಗಳನ್ನು ಎತ್ತಿಟ್ಟುಕೊಳ್ಳುತ್ತಿದ್ದಳು. ತಾನೇ ಕಂಡುಕೊಂಡ ಓರೆ ಹೆಣಿಗೆ ಹೊಸಿಲು ದಾಟಬಾರದು. ಆದರೂ ಅವನು ಬರುವ ಹೊತ್ತಿಗೆ ಅವಳ ಕಿವಿ ಬಾಗಿಲಲ್ಲೇ ಇರುತ್ತಿತ್ತು. ಅವನನ್ನು ನಂಬಬೇಕೆಂಬ ಆಸೆ... ನಂಬಿದರೆ ಗತಿಯೇನೆಂಬ ಭಯ!

ಒಂದು ಸಂಜೆ ಮೇಲ್ಮನೆಯಾಕೆ ಮೆಟ್ಟಿಲಿಳಿದು ಬಂದಳು. ಮುಂಗೈಯಲ್ಲಿ ಬಳೆ. ತಾಮ್ರದ್ದು. ಅದೇ ಓರೆ ಹೆಣಿಗೆ!

"ಯಾರು ಮಾಡಿದ್ದಕ್ಕಾ ಇದು?"

"ಹೇಳ್ಬೇಡಿ ಅಂತ ಮಾತು ತಗೊಂಡಿದ್ದಾರಮ್ಮ," ಆಕೆ ನಕ್ಕಳು.

ಅವನೇ ಇರಬೇಕು ಎಂದುಕೊಂಡಳು. ಒಂದು ದಿನದ ಮಟ್ಟಿಗೆ ಬಳೆಯನ್ನು ಬೇಡಿ ತಂದಳು. ಮರುದಿನ ಅವನು ಬಂದೊಡನೆ ಮುಂದೆ ಎಸೆದಳು.

"ಇದಕ್ಕೇ ಬಂದಿದ್ದಾ? ಕಣ್ಣಲ್ಲಿ ಕಣ್ಣಿಟ್ಟು ಕದಿಯೋಕೆ?"

ಅವನು ಬಳೆಯನ್ನು ತಿರುಗಿಸಿ ನೋಡಿದ. ಮುಖ ಕಂದಿತು. ಅಂದಿನವರೆಗೆ ತಾನು ಹೆಣೆದ ಪಟ್ಟಿಯನ್ನು ಎತ್ತಿ ಅದರ ಪಕ್ಕದಲ್ಲಿಟ್ಟ.

"ನನ್ನ ಬಾಯಿ ಮಾತು ನೀವು ನಂಬಲ್ಲ ಟೀಚರ್. ನಿಮ್ಮ ಕಣ್ಣನ್ನಾದ್ರೂ ನಂಬಿ."

ಹೋಗಿಯೇಬಿಟ್ಟ.

ಅವಳು ಪಟ್ಟಿಯನ್ನೂ ಬಳೆಯನ್ನೂ ಹತ್ತಿರ ಹಿಡಿದು ನೋಡಿದಳು. ಅವನ ಕುಣಿಕೆಗಳೆಲ್ಲ ಎಡಕ್ಕೆ ಒರಗಿದ್ದವು. ಬಳೆಯವು... ಬಲಕ್ಕೆ!

ಎಡಗೈಯಿಂದ ಇದು ಸಾಧ್ಯವೇ ಇಲ್ಲ! ಹಾಗಾದರೆ?

"ಅದನ್ನ ಯಾಕೆ ಹಾಗೆ ನೋಡ್ತೀಯೇ? ನಾನೇನೂ ಕದ್ದಿಲ್ಲ," ಅತ್ತಿಗೆ ಸೆರಗಿನ ತುದಿ ತಿರುಚುತ್ತ ಬಾಗಿಲಲ್ಲಿ ನಿಂತಿದ್ದಳು.

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದಳು!

"ಅತ್ತಿಗೆ... ನೀವಾ?"

"ಕಸ ಗುಡಿಸೋವಾಗ ಸಿಕ್ಕ ತುಂಡು ತಂತಿ ಕಣೇ. ಅಡುಗೆಮನೆ ಬಾಗಿಲಿಂದ ನೋಡಿ ನೋಡಿ ಕಲಿತೆ. ಕೇಳಿದ್ರೆ ಹೇಳಿಕೊಡ್ತಿದ್ಯಾ? ನೀನು ನನ್ನ ಮೇಲೂ ಒಂದು ಕಣ್ಣಿಡ್ತಿದ್ದೆ ಅಷ್ಟೇ! ಮೇಲ್ಮನೆಯವರಿಗೆ ಬಳೆ ಇಷ್ಟ ಆಯ್ತು, ಕೊಟ್ಟೆ. ಮಾರಿಲ್ಲ... ಆ ಪಾಪದವನನ್ನ ಬೈಯ್ತಿದ್ದಾಗ್ಲೇ ಬಾಯಿಬಿಡ್ಬೇಕಿತ್ತು. ಹೆದರಿಕೆ ಆಯ್ತು."

ಅವಳ ಕಣ್ಣು ತುಂಬಿತು. ಒಂದೇ ಸೂರಿನಡಿ ಇರುವವಳೂ ತನಗೆ ಹೆದರುವಂತೆ ಬದುಕಿದೆನೇ? ಅತ್ತಿಗೆಯ ಗೀರುಬಿದ್ದ ಬೆರಳುಗಳನ್ನು ಒಮ್ಮೆ ಒತ್ತಿ ಹಿಡಿದಳು.

"ನಾಳೆಯಿಂದ ನನ್ನ ಪಕ್ಕದಲ್ಲೇ ಕೂತು ಕಲೀರಿ."

"ಅದಿರಲಿ, ಮೊದಲು ಓಡು. ಎದುರಿಗೆ ಕೂರೋನು ಹೊರಟುಹೋದ!"

ಅಂಗಡಿಯಲ್ಲಿ ಅವನು ಸುಟ್ಟ ಮೋಟಾರಿನಿಂದ ಹಳೆಯ ತಂತಿ ಕೀಳುತ್ತಿದ್ದ. ಅವಳನ್ನು ಕಂಡೂ ತಲೆ ಎತ್ತಲಿಲ್ಲ.

"ತಪ್ಪಾಯ್ತು," ಎಂದಳು. "ಆದ್ರೆ ಒಂದು ಮಾತು ನಿಜ ಹೇಳಿ. ಯಾಕೆ ಬಂದಿದ್ರಿ?"

"ಮತ್ತೆ ವಿಚಾರಣೆನಾ?"

"ಹ್ಞೂಂ... ಕೊನೇದು."

ಅವನು ಕಟಿಂಗ್ ಪ್ಲೇಯರ್ ಕೆಳಗಿಟ್ಟ. "ನನ್ನ ಹತ್ರ ಇರೋ ತಂತಿಯೆಲ್ಲ ಮೋಟಾರಿನೊಳಗೆ ಕತ್ತಲಲ್ಲಿ ಕೂರುತ್ತೆ. ನೀವು ಒಯ್ದ ತಂತಿ ಮಾತ್ರ ಒಂದಿನ ನಿಮ್ಮ ಕೊರಳಲ್ಲಿ ಹೊಳೀತಾ ಬಂತು. ತಂತಿ ಮೇಲೆ ಹೊಟ್ಟೆಕಿಚ್ಚಾಯ್ತು, ಟೀಚರ್!"

ಅಳುತ್ತಲೇ ನಕ್ಕಳು. ಚೀಲದಿಂದ ಅವನ ಪಟ್ಟಿ ತೆಗೆದು, ತಾನು ಹೆಣೆದ ಪಟ್ಟಿಗೆ ಅಂಚು ತಾಗಿಸಿ ಇಟ್ಟಳು. ಒಂದರ ಕುಣಿಕೆಗಳು ಎಡಕ್ಕೆ, ಇನ್ನೊಂದರವು ಬಲಕ್ಕೆ. ನಡುವೆ ಒಂದು ನರ ಮೂಡಿ, ಎರಡೂ ಸೇರಿ ಎಲೆಯಾಯಿತು!

"ನನ್ನೊಬ್ಬಳ ಕೈಯಲ್ಲಿ ಇದು ಯಾವತ್ತೂ ಬಂದಿರಲಿಲ್ಲ," ಪಿಸುಗುಟ್ಟಿದಳು.

ಅವನು ಆ ಎಲೆಯನ್ನೇ ನೋಡಿದ. ಆಮೇಲೆ ಅವಳನ್ನು.

"ಇನ್ನು ಅನುಮಾನ ಬರಲ್ವಾ?"

"ಬರುತ್ತೆ... ನನ್ನ ಬುದ್ಧಿ ನನಗೆ ಗೊತ್ತಿಲ್ವಾ?" ಅವನ ಎಡಗೈಯನ್ನು ತನ್ನ ಬಲಗೈಯಲ್ಲಿ ಹಿಡಿದಳು. "ಬಂದಾಗ ಎದ್ದು ಹೋಗ್ಬೇಡಿ. ಎದುರಿಗೆ ಕೂತ್ಕೊಳ್ಳಿ."