ಬಾನೆಟ್ ಎತ್ತದ ಪಿಕಪ್

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಶೋರೂಮಿನ ಮ್ಯಾನೇಜರು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹಿಂದಿನ ಅಂಗಳಕ್ಕೆ ಬಂದ. ಅಂಗಳದಲ್ಲಿ ಕೆಂಪು ರಿಬ್ಬನ್ ಇತ್ತು. ಮೈಕ್ ಇತ್ತು. ‘ಇಪ್ಪತ್ತೆಂಟು ವರ್ಷ, ಒಂಬತ್ತು ಲಕ್ಷ ಕಿಲೋಮೀಟರ್, ಒಂದೇ ಎಂಜಿನ್’ ಎಂಬ ದೊಡ್ಡ ಬ್ಯಾನರ್ ಇತ್ತು. ಬ್ಯಾನರಿನ ಕೆಳಗೆ ಇರಬೇಕಾಗಿದ್ದ ನೀಲಿ ಪಿಕಪ್ ಮಾತ್ರ ಇರಲಿಲ್ಲ.

ಎರಡು ಟನ್ ಹೊರುವ ಗಾಡಿ. ಜೇಬಿಗೆ ಹಾಕಿಕೊಂಡು ಹೋಗುವ ವಸ್ತುವಲ್ಲ. ಆದರೂ ಮ್ಯಾನೇಜರು ಒಮ್ಮೆ ಮೇಜಿನ ಕೆಳಗೆ ಬಗ್ಗಿ ನೋಡಿದ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದ.

ಸಬ್‌ಇನ್‌ಸ್ಪೆಕ್ಟರ್ ಮೇಡಂ ಊಟಕ್ಕೆ ಹೋಗಿದ್ದ ಮನೆಯಿಂದಲೇ ನೇರವಾಗಿ ಬಂದದ್ದು ದಫೇದಾರನ ಸ್ಕೂಟರಿನ ಹಿಂದಿನ ಸೀಟಿನಲ್ಲಿ. ಠಾಣೆಯ ಜೀಪು ಬೆಳಿಗ್ಗೆಯಷ್ಟೇ ಗ್ಯಾರೇಜು ಸೇರಿತ್ತು. ಅದು ವಾರಕ್ಕೆ ನಾಲ್ಕು ದಿನ ಗ್ಯಾರೇಜಿನಲ್ಲಿ, ಎರಡು ದಿನ ನೂಕಿಸಿಕೊಳ್ಳುವುದರಲ್ಲಿ ಕಳೆಯುತ್ತಿತ್ತು. ಉಳಿದ ಒಂದು ದಿನ ಭಾನುವಾರ. ಮೇಡಂ ಸ್ಕೂಟರಿನಿಂದ ಇಳಿದು, ಟೋಪಿ ಸರಿಮಾಡಿಕೊಂಡು, ಯಾರೂ ನಗಲಿಲ್ಲ ಎಂದು ಖಾತ್ರಿಪಡಿಸಿಕೊಂಡೇ ಮಾತು ಶುರುಮಾಡಿದರು.

“ಗಾಡಿ ಯಾರದ್ದು?”

“ನಂದು,” ಎಂದ ಬ್ಯಾನರಿನ ಕಂಬ ಹಿಡಿದು ನಿಂತಿದ್ದ ಆರಡಿ ಎತ್ತರದ ಮನುಷ್ಯ. ಬಾವಿಗಳಿಗೆ ಪಂಪು, ಪೈಪು ಸಾಗಿಸುವುದು ಅವನ ಕಸುಬು. ಊರೆಲ್ಲ ಅವನನ್ನು ಪಂಪಣ್ಣ ಎನ್ನುತ್ತಿತ್ತು. “ಇಪ್ಪತ್ತೆಂಟು ವರ್ಷ ಮೇಡಂ. ಒಂದು ದಿನ ಕೈಕೊಟ್ಟಿಲ್ಲ. ಬಾನೆಟ್ ಎತ್ತಿ ನೋಡಿದೋನಲ್ಲ ನಾನು.”

“ಒಂದು ಸಲಾನೂ?”

“ಯಾಕೆ ಎತ್ತಲಿ? ಆಯಿಲ್ ಬದಲಾಯಿಸೋಕೆ ಭಾಮೈದ ಇದ್ದಾನೆ.”

ಪಕ್ಕದಲ್ಲಿದ್ದ ಭಾಮೈದ ತಲೆಯಾಡಿಸಿದ. ಪಂಪಣ್ಣನ ಹೆಂಡತಿಯ ತಮ್ಮ, ಊರಿನ ಒಳ್ಳೆಯ ಮೆಕ್ಯಾನಿಕ್ಕು. ಪೊಲೀಸ್ ಜೀಪನ್ನು ವಾರವಾರವೂ ಬದುಕಿಸಿ ಕಳಿಸುತ್ತಿದ್ದವನೂ ಅವನೇ. ಬೆರಳಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗದಷ್ಟು ಹಳೆಯದು. ಅಕ್ಕ ಅವನ ಹಿಂದೆ ನಿಂತಿದ್ದಳು. ಅವಳು ಎಷ್ಟು ಗಿಡ್ಡಗಿದ್ದಳೆಂದರೆ ತಮ್ಮನ ಭುಜದ ಆಚೆ ಕಾಣುತ್ತಲೇ ಇರಲಿಲ್ಲ.

ವಿಷಯ ಇಷ್ಟು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಮಾರಂಭ. ಹಳೆಯ ಪಿಕಪ್ಪನ್ನು ಕಂಪನಿ ಪ್ರದರ್ಶನಕ್ಕೆ ಇಟ್ಟುಕೊಂಡು ಪಂಪಣ್ಣನಿಗೆ ಹೊಸದನ್ನು ಕೊಡುವುದೆಂದು ಮಾತಾಗಿತ್ತು. ಅದಕ್ಕಾಗಿ ಕೇಂದ್ರ ಕಚೇರಿಯಿಂದ ಎಂಜಿನಿಯರ್ ಒಬ್ಬಳು ಆ ಬೆಳಿಗ್ಗೆ ಬಂದಿಳಿದಿದ್ದಳು.

“ನಾಳೆ ಎಲ್ಲರ ಎದುರು ಎಂಜಿನ್ ಬಿಚ್ಚಿ ಸವೆತ ಅಳೆಯೋಳಿದ್ದೆ,” ಎಂದಳು ಎಂಜಿನಿಯರ್. “ಭಾರ ಹೊತ್ತ ಎಂಜಿನ್ ಇಷ್ಟು ವರ್ಷ ಬಾಳಿದ್ದು ಹೇಗೆ ಅಂತ ನಮಗೂ ತಿಳೀಬೇಕಲ್ಲ.”

“ಇದುವರೆಗೂ ಯಾರೂ ಬಿಚ್ಚಿ ನೋಡಿಲ್ವಾ?”

ಮ್ಯಾನೇಜರು ಗಂಟಲು ಸರಿಮಾಡಿಕೊಂಡ. “ಫೋಟೋ ಚೆನ್ನಾಗಿ ಬಂದಿತ್ತು ಮೇಡಂ. ಅದಕ್ಕೇ ಆಯ್ಕೆ ಮಾಡಿದ್ವಿ.”

* * *

ಮೇಡಂ ಅಂಗಳ ಸುತ್ತಿದರು. ಹಿಂದಿನ ಗೇಟಿಗೆ ಒಳಗಿನಿಂದ ಅಗುಳಿ. ಈಗ ಅಗುಳಿ ತೆಗೆದಿತ್ತು. ಅಂಗಳದಿಂದ ಹಿಂದಿನ ಗಲ್ಲಿಗೆ ಇಳಿಜಾರು. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗಾಡಿ ತಾನಾಗಿಯೇ ಇಳಿದುಹೋಗುತ್ತದೆ. ಗಾಡಿ ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಎಣ್ಣೆಯ ಕಲೆ.

“ಇದು ಬೇರೆ ಗಾಡಿಯದ್ದು,” ಎಂದಳು ಎಂಜಿನಿಯರ್, ಟೇಪು ಹಿಡಿದು ಅಳೆದು. “ನಮ್ಮ ಈ ಮಾಡೆಲ್ಲಿಗೆ ಆಯಿಲ್ ಫಿಲ್ಟರ್ ಎಡಗಡೆ. ಈ ಕಲೆ ಬಲಗಡೆ ಬಿದ್ದಿದೆ.”

“ಬೇರೆ ಗಾಡೀನೇ ಬಂದಿಲ್ಲ,” ಎಂದ ಕಾವಲುಗಾರ. “ಬೆಳಿಗ್ಗೆ ನಾನೇ ನೆಲ ತೊಳೆದೆ. ಆಮೇಲೆ ನಿಂತಿದ್ದು ಅದೊಂದೇ.”

“ಹಿಂದಿನ ಗಲ್ಲಿಯಲ್ಲಿ ಏನಾದ್ರೂ ಶಬ್ದ ಕೇಳಿಸ್ತಾ?”

“ಊಟಕ್ಕೆ ಕೂತಿದ್ದೆ ಮೇಡಂ. ಒಂದೂವರೆ ಹೊತ್ತಿಗೆ ನಿಮ್ಮ ಜೀಪು ಹೋಯ್ತು, ಅಷ್ಟೇ. ಆ ಮಡ್‌ಗಾರ್ಡಿನ ಕಟಕಟ ಊರಿಗೇ ಗೊತ್ತಲ್ಲ. ಪಂಪಣ್ಣನ ಗಾಡಿ ಮಾತ್ರ ಸ್ಟಾರ್ಟೇ ಆಗಿಲ್ಲ. ಅದು ಸ್ಟಾರ್ಟಾದ್ರೆ ಜಲ್ಲಿ ಅರೆದ ಹಾಗೆ ಇರುತ್ತೆ.”

ಮೇಡಂ ಬರೆದುಕೊಂಡರು. ಗಾಡಿಯ ಕೀ ಮ್ಯಾನೇಜರನ ಹಲಗೆಯಲ್ಲಿ ನೇತಾಡುತ್ತಲೇ ಇತ್ತು. ಇನ್ನೊಂದು ಕೀ ತನ್ನ ಅಂಗಿಯ ಜೇಬಿನಲ್ಲೇ ಇದೆ ಎಂದು ಪಂಪಣ್ಣ ತೆಗೆದು ತೋರಿಸಿದ.

ದಫೇದಾರನ ಕಣ್ಣು ಮಿನುಗಿತು. ಮೇಡಂ ಅವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. “ಕೈಯಲ್ಲೇ ಕೀ ಇಟ್ಕೊಂಡು ಅಳ್ತಿದ್ದಾನೆ ಮೇಡಂ. ಗಾಡಿ ಬಿಟ್ಟುಕೊಡೋಕೆ ಮನಸ್ಸಿಲ್ಲ. ಅವನೇ ಕದ್ದಿದ್ದಾನೆ.”

“ಒಂದರಿಂದ ಎರಡರ ತನಕ ಎಲ್ಲಿದ್ರಿ?” ಎಂದು ಮೇಡಂ ಪಂಪಣ್ಣನನ್ನು ಕೇಳಿದರು.

“ಮನೇಲಿ. ಅಂಗಿ ಗೂಟಕ್ಕೆ ಹಾಕಿ, ಉಂಡು ಮಲಗಿದ್ದೆ.”

“ಮಲಗಿದ್ರು,” ಎಂದಳು ಹೆಂಡತಿ. “ಗೊರಕೆ ಬೀದಿಗೆ ಕೇಳ್ತಿತ್ತು. ಬೇಕಿದ್ರೆ ಪಕ್ಕದ ಮನೆಯವರನ್ನೇ ಕೇಳಿ.”

ಕೇಳಿದರು. ಪಕ್ಕದ ಮನೆಯವರು ಗೊರಕೆಯನ್ನು ದೃಢಪಡಿಸಿದ್ದಲ್ಲದೆ ಅದರ ಬಗ್ಗೆ ಒಂದು ದೂರನ್ನೂ ಕೊಡಲು ಮುಂದಾದರು.

ಅಷ್ಟರಲ್ಲಿ ಭಾಮೈದ ಮೆಲ್ಲನೆ ಹೇಳಿದ, “ಎದುರುಗಡೆ ಬೇರೆ ಕಂಪನಿ ಶೋರೂಮಿನವರನ್ನ ವಿಚಾರಿಸಿ ಮೇಡಂ. ಈ ಸಮಾರಂಭ ಆದ್ರೆ ಹೊಟ್ಟೆ ಉರಿಯೋದು ಅವರಿಗೇ.”

ಎದುರು ಶೋರೂಮಿನ ಯಜಮಾನನ ಹೊಟ್ಟೆ ಉರಿಯುತ್ತಿದ್ದುದು ನಿಜ. ಆದರೆ ಅವನು ಬೆಳಿಗ್ಗೆಯಿಂದ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಅರ್ಧ ದವಡೆ ಮರಗಟ್ಟಿತ್ತು. “ಗಾಯಿ... ನಂಗೆ ಗೊತ್ತಿಯ್ಯ,” ಎಂದ. ಅದಕ್ಕಿಂತ ಹೆಚ್ಚು ಹೇಳಿಸಲು ಯಾವ ಪೊಲೀಸರಿಂದಲೂ ಆಗುವಂತಿರಲಿಲ್ಲ.

* * *

ಸಂಜೆ ಐದಕ್ಕೆ ಮೇಡಂ ಠಾಣೆಗೆ ಮರಳಿದರು. ರಿಪೇರಿಯಾದ ಜೀಪು ಬಾಗಿಲಲ್ಲಿ ನಿಂತಿತ್ತು.

“ಯಾವಾಗ ಬಂತು ಇದು?”

“ಎರಡು ಗಂಟೆಗೆ ಮುಂಚೇನೇ ಬಂತಂತೆ ಮೇಡಂ, ನಾನು ಊಟಕ್ಕೆ ಹೋಗಿದ್ದಾಗ,” ಎಂದ ಹಿಂದಿನ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿ ಬಂದ ದಫೇದಾರ. “ಮೆಕ್ಯಾನಿಕ್ಕೇ ತಂದು ಬಿಟ್ಟು ಹೋಗಿದ್ದಾನೆ. ಎಂದೂ ಇಲ್ಲದ ನಿಯತ್ತು.” ಆಮೇಲೆ ಸ್ವಲ್ಪ ಮುನಿಸಿನಿಂದ ಸೇರಿಸಿದ, “ಮತ್ತೆ ಯಾವುದೋ ಹೊಸ ಜಪ್ತಿ ಗಾಡಿ ತಂದು ನನ್ನ ಸ್ಕೂಟರ್ ನಿಲ್ಲೋ ನೆರಳಲ್ಲೇ ನಿಲ್ಲಿಸಿದ್ದಾರೆ. ಇದು ಯಾವ ನ್ಯಾಯ?”

ಮೇಡಂ ಮೆಟ್ಟಿಲ ಮೇಲೇ ನಿಂತರು. ಒಂದೂವರೆಗೆ ಜೀಪು ಹಿಂದಿನ ಗಲ್ಲಿಯಲ್ಲಿ ಹೋಯಿತೆಂದು ಕಾವಲುಗಾರ ಹೇಳಿದ್ದ. ಪೊಲೀಸ್ ಜೀಪೆಂದರೆ ಬೀದಿಯ ದೀಪದ ಕಂಬದಂತೆ. ಕಂಡರೂ ಯಾರೂ ಎಣಿಸುವುದಿಲ್ಲ. ತಾವೂ ಎಣಿಸಿರಲಿಲ್ಲ.

ಜೀಪಿನ ಹಿಂಭಾಗಕ್ಕೆ ಹೋಗಿ ಬಗ್ಗಿದರು. ವರ್ಷಗಟ್ಟಲೆ ತುಕ್ಕು ಹಿಡಿದಿದ್ದ ಎಳೆಯುವ ಕೊಕ್ಕೆ ಒಂದು ಕಡೆ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಅದಕ್ಕೆ ಬಲವಾದ ಹಗ್ಗ ಉಜ್ಜಿತ್ತು.

“ಜಪ್ತಿ ಗಾಡಿಗಳ ಪುಸ್ತಕ ತಗೊಂಡು ಬಾ.”

ಪುಸ್ತಕದಲ್ಲಿ ನಲವತ್ತೊಂದು ಗಾಡಿಗಳಿದ್ದವು. ಠಾಣೆಯ ಹಿಂದಿನ ಅಂಗಳದಲ್ಲಿ ಮೇಡಂ ಎರಡು ಸಲ ಎಣಿಸಿದರು. ನಲವತ್ತೆರಡು. ಚಕ್ರ ಕುಸಿದ, ಬಳ್ಳಿ ಹಬ್ಬಿದ ಗಾಡಿಗಳ ನಡುವೆ, ಮರದ ನೆರಳಿನಲ್ಲಿ ಟಾರ್ಪಾಲು ಹೊದ್ದ ಒಂದು ಗಾಡಿಯ ಟೈರುಗಳು ಮಾತ್ರ ಗಾಳಿ ತುಂಬಿಕೊಂಡು ಗಟ್ಟಿಯಾಗಿ ನಿಂತಿದ್ದವು. ಟಾರ್ಪಾಲು ಎತ್ತಿದರು. ನೀಲಿ ಪಿಕಪ್ಪು.

ದಫೇದಾರನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

“ಮುಚ್ಚು,” ಎಂದರು ಮೇಡಂ. “ಬಾಯೀನೂ, ಗಾಡೀನೂ. ಯಾರಿಗೂ ಹೇಳ್ಬೇಡ.”

ಮುಚ್ಚುವ ಮುನ್ನ ಅವರು ಡ್ರೈವರ್ ಸೀಟನ್ನು ನೋಡಿದರು. ಅದನ್ನು ಸ್ಟೇರಿಂಗಿನ ತನಕ ಮುಂದಕ್ಕೆ ಎಳೆಯಲಾಗಿತ್ತು.

* * *

ಮರುದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಠಾಣೆಯ ಹಿಂದಿನ ಅಂಗಳಕ್ಕೆ ಕರೆಸಿದರು. ಮ್ಯಾನೇಜರು ಟೈ ಕಟ್ಟಿಕೊಂಡೇ ಬಂದಿದ್ದ. ಎದುರು ಶೋರೂಮಿನ ಯಜಮಾನ ದವಡೆ ಹಿಡಿದುಕೊಂಡು ಬಂದ. ದಫೇದಾರ ಟಾರ್ಪಾಲು ಸರಿಸಿದಾಗ ಪಂಪಣ್ಣ ಓಡಿಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟ. ಭಾಮೈದ ಮಾತ್ರ ನೆಲ ನೋಡಿದ.

“ಗಾಡಿ ಸ್ಟಾರ್ಟಾಗಿಲ್ಲ,” ಎಂದು ಮೇಡಂ ಶುರುಮಾಡಿದರು. “ಎಲ್ಲರೂ ಊಟಕ್ಕೆ ಹೋದಾಗ ಒಳಗೆ ಬಂದು ಅಗುಳಿ ತೆಗೆದು, ಇಳಿಜಾರಿನಲ್ಲಿ ಜಾರಿಸಿ, ಗಲ್ಲಿಯಿಂದ ಎಳೆದುಕೊಂಡು ಬಂದಿದ್ದಾರೆ. ಎಳೆದದ್ದು ನಮ್ಮ ಜೀಪು. ಆ ಹೊತ್ತಿಗೆ ಜೀಪು ಯಾರ ಕೈಯಲ್ಲಿತ್ತು?”

ಎಲ್ಲರೂ ಭಾಮೈದನ ಕಡೆ ತಿರುಗಿದರು.

“ಕಟ್ಟಿ ಎಳೆಯೋ ಗಾಡಿಯ ಸ್ಟೇರಿಂಗಿಗೆ ಇನ್ನೊಬ್ಬರು ಬೇಕು. ಸೀಟು ಮುಂದಕ್ಕೆ ಬಂದಿದೆ. ಅಂದ್ರೆ ಕೂತವರು ಗಿಡ್ಡ. ಕೀ ಪಂಪಣ್ಣನ ಅಂಗಿಯಲ್ಲಿತ್ತು, ಅಂಗಿ ಗೂಟದಲ್ಲಿತ್ತು, ಪಂಪಣ್ಣ ನಿದ್ದೆಯಲ್ಲಿದ್ರು. ತೆಗೆದು ಮತ್ತೆ ಅಲ್ಲೇ ಇಡೋಕೆ ಮನೆಯವರಿಗೆ ಕಷ್ಟವಿಲ್ಲ. ಅವರು ಮಲಗಿದ್ರು ಅಂತ ಹೆಂಡತಿ ಸಾಕ್ಷಿ ಹೇಳಿದ್ರು. ಹೆಂಡತಿ ಮನೇಲಿದ್ರು ಅಂತ ಹೇಳೋರು ಯಾರು? ಗೊರಕೆ ಹೊಡೆಯೋರು ಸಾಕ್ಷಿಯಾಗೋಕೆ ಆಗಲ್ಲ.”

ಪಂಪಣ್ಣ ಬಾನೆಟ್ಟಿನಿಂದ ಕೈ ತೆಗೆದ. “ನೀನಾ?”

“ನಾನೇ,” ಎಂದಳು ಹೆಂಡತಿ. “ಬ್ರೇಕ್ ಹಾಕೋದು ತಮ್ಮ ಹೇಳಿಕೊಟ್ಟಿದ್ದ. ಎರಡು ಸಲ ಜೀಪಿಗೆ ಗುದ್ದಿದೆ, ಅಷ್ಟೇ.”

“ಯಾಕೆ ಅಂತ ಈಗ ನೋಡೋಣ,” ಎಂದರು ಮೇಡಂ. “ಗಾಡಿ ಮಾರೋ ಉದ್ದೇಶ ಇದ್ದಿದ್ರೆ ಪೊಲೀಸ್ ಠಾಣೆಗೆ ತರ್ತಿರಲಿಲ್ಲ. ಇವತ್ತು ಎಂಜಿನ್ ಬಿಚ್ಚೋ ಹನ್ನೊಂದು ಗಂಟೆ ದಾಟಿದ್ರೆ ಅವರಿಗೆ ಸಾಕಿತ್ತು. ಎಣ್ಣೆ ಎಡಗಡೆ ಬೀಳಬೇಕಿತ್ತು, ಬಲಗಡೆ ಬಿದ್ದಿದೆ. ಅಂದ ಮೇಲೆ ಒಳಗಿರೋದು ಆ ಎಂಜಿನ್ನೇ ಅಲ್ಲ. ಎಂಜಿನಿಯರಮ್ಮ, ಬಾನೆಟ್ ಎತ್ತಿ.”

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಪಂಪಣ್ಣನ ಕಣ್ಣೆದುರು ಬಾನೆಟ್ಟು ಮೇಲೆದ್ದಿತು. ಎಂಜಿನಿಯರ್ ಒಳಗೆ ತಲೆ ತೂರಿಸಿದಳು. ಬಟ್ಟೆಯಿಂದ ಒರೆಸಿ ಅಕ್ಷರ ಓದಿದಳು. ನಿಧಾನಕ್ಕೆ ಹೊರಬಂದು ಎದುರು ಶೋರೂಮಿನ ಯಜಮಾನನನ್ನು ನೋಡಿದಳು.

“ಇದು ನಿಮ್ಮ ಕಂಪನಿಯದ್ದು.”

ಯಜಮಾನನಿಗೆ ಹಲ್ಲುನೋವು ಮರೆತೇಹೋಯಿತು. “ನಮ್ಮದು? ಹಾಗಾದ್ರೆ ಗಾಡಿ ನಮ್ಮ ಶೋರೂಮಲ್ಲಿ ಇಡೋಣ. ಬ್ಯಾನರ್ ನಾನೇ ಬರೆಸ್ತೀನಿ.”

“ಬಾಡಿ ನಮ್ಮದು,” ಎಂದ ಮ್ಯಾನೇಜರು. ಆದರೆ ಅವನ ದನಿಯಲ್ಲಿ ಗಾಳಿ ಇಳಿದಿತ್ತು.

* * *

ಇಬ್ಬರೂ ಕಿತ್ತಾಡುತ್ತಿರುವಾಗ ಭಾಮೈದ ಪಂಪಣ್ಣನ ಎದುರಿಗೆ ಬಂದು ನಿಂತ.

“ಹನ್ನೊಂದು ವರ್ಷ ಆಯ್ತು ಭಾವ. ನೀವು ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ್ರಲ್ಲ, ಆಗ. ಹಳೇ ಆಯಿಲ್ ಇಳಿಸಿದ್ದೆ. ಹೊಸದು ಹಾಕೋ ಹೊತ್ತಿಗೆ ಯಾರೋ ಕರೆದ್ರು, ಹೋದೆ. ವಾಪಸ್ ಬಂದಾಗ, ಆಗಲೇ ಹಾಕಿದ್ದೀನಿ ಅಂದ್ಕೊಂಡು ಗಾಡಿ ಓಡಿಸಿದೆ. ಎರಡು ಮೈಲಿಗೆ ಎಂಜಿನ್ ಹಿಡಿದುಕೊಂಡು ನಿಂತುಬಿಡ್ತು. ಆ ಮಾಡೆಲ್ಲಿನ ಎಂಜಿನ್ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದನ್ನ ಕೂರಿಸಿದೆ.”

“ಶಬ್ದ ಬದಲಾಯ್ತು ಅಂತ ನಾನು ಕೇಳಿದ್ದೆ.”

“ಸೈಲೆನ್ಸರ್ ಹೊಸದು ಅಂತ ನಾನೇ ಸುಳ್ಳು ಹೇಳಿದ್ದೆ,” ಎಂದಳು ಹೆಂಡತಿ. “ಅವತ್ತು ಇವನು ಹಿತ್ತಲಲ್ಲಿ ಕೂತು ಅತ್ತಿದ್ದ.”

ಪಂಪಣ್ಣ ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಮುಚ್ಚಿದ. ಮೇಡಂ ಅವರ ಎಲ್ಲ ಲೆಕ್ಕವೂ ಸರಿಯಾಗಿತ್ತು, ಆದರೆ ಈ ಮನುಷ್ಯನ ಮುಖ ನೋಡಿದರೆ ಗೆದ್ದಂತೆ ಅನ್ನಿಸಲಿಲ್ಲ.

“ಎಂಜಿನ್ ಹೋದ್ರೆ ಹೋಗಲಿ,” ಎಂದ ಪಂಪಣ್ಣ ಕೊನೆಗೆ. “ಹನ್ನೊಂದು ವರ್ಷ ಊರೆಲ್ಲ ಸುಳ್ಳು ಹೇಳ್ಕೊಂಡು ತಿರುಗಿದೆನಲ್ಲೋ, ನಿಜ ಅಂದ್ಕೊಂಡು. ಕೇಳಿದೋರಿಗೂ ಹೇಳಿದೆ, ಕೇಳದೋರಿಗೂ ಹಿಡಿದು ನಿಲ್ಲಿಸಿ ಹೇಳಿದೆ. ಅದು ಸುಡುತ್ತೆ. ಹಳೇದು ಎಲ್ಲಿ?”

“ಗ್ಯಾರೇಜಿನ ಹಿಂದೆ. ಗುಜರಿಗೆ ಹಾಕೋಕೆ ಕೈ ಬರಲಿಲ್ಲ.”

ಎಲ್ಲರೂ ಗ್ಯಾರೇಜಿಗೆ ಹೋದರು. ಗೋಣಿತಾಟು ತೆಗೆದಾಗ ಹಳೆಯ ಎಂಜಿನ್ ಗ್ರೀಸು ಬಳಿದುಕೊಂಡು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಎಂಜಿನಿಯರ್ ತೋಳು ಮಡಚಿದಳು. ಭಾಮೈದ ಒಂದೊಂದೇ ಸ್ಪ್ಯಾನರ್ ಕೊಡುತ್ತ ಹೋದ. ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಪಂಪಣ್ಣ ಹಳೆಯ ಟೈರಿನ ಮೇಲೆ ಆಪರೇಷನ್ ಕೋಣೆಯ ಹೊರಗೆ ಕಾಯುವವನಂತೆ ಕೂತಿದ್ದ.

“ಬೇರಿಂಗುಗಳು ಸುಟ್ಟಿವೆ, ಅದು ಆಯಿಲ್ ಇಲ್ಲದೆ ಆದದ್ದು,” ಎಂದಳು ಎಂಜಿನಿಯರ್. “ಅದರಿಂದಾದ ಗೀರುಗಳನ್ನ ಬಿಟ್ಟು ಅಳೆದ್ರೆ ಉಳಿದದ್ದೆಲ್ಲ ಹೊಸದಕ್ಕೆ ಹತ್ತಿರವೇ ಇದೆ. ಐದೂವರೆ ಲಕ್ಷ ಕಿಲೋಮೀಟರ್ ಭಾರ ಹೊತ್ತ ಎಂಜಿನ್ ಅಂತ ಯಾರೂ ನಂಬಲ್ಲ. ಆಯಿಲ್ ಒಂದು ಇದ್ದಿದ್ರೆ ಇವತ್ತಿಗೂ ಓಡ್ತಿತ್ತು. ನನಗೆ ಬೇಕಾಗಿದ್ದು ಇದೇ.”

“ಕೇಳಿಸ್ತಾ?” ಎಂದ ಪಂಪಣ್ಣ ಭಾಮೈದನಿಗೆ. ದನಿಯಲ್ಲಿ ಸಿಟ್ಟೂ ಇತ್ತು, ತಡೆಯಲಾಗದ ಹೆಮ್ಮೆಯೂ ಇತ್ತು.

“ಕೇಳಿಸ್ತು ಭಾವ.”

“ದೂರು ಏನು ಮಾಡೋಣ?” ಎಂದು ಮೇಡಂ ಕೇಳಿದರು. “ಗಾಡಿ ಇನ್ನೂ ನಿಮ್ಮ ಹೆಸರಲ್ಲೇ ಇದೆ.”

“ನನ್ನ ಗಾಡಿ ನನ್ನ ಹೆಂಡತಿ, ನನ್ನ ಭಾಮೈದ ತಗೊಂಡು ಹೋಗಿದ್ದಾರೆ. ಇದರಲ್ಲಿ ಕಳ್ಳತನ ಎಲ್ಲಿ ಬಂತು?” ಪಂಪಣ್ಣ ಎದ್ದು ಬಟ್ಟೆ ಕೊಡವಿಕೊಂಡ. “ಹಳೇ ಎಂಜಿನ್ನು ಇವರ ಕಂಪನಿ ಇಟ್ಕೊಳ್ಳಲಿ. ಗಾಡಿ ನನಗಿರಲಿ, ಹೊಸದು ಬೇಡ. ಪೈಪು ಸಾಗಿಸೋ ಕೆಲಸ ಬಾಕಿ ಇದೆ.”

ಬಾಗಿಲಿನವರೆಗೆ ಹೋದವನು ತಿರುಗಿ ನಿಂತ. ಭಾಮೈದ ಇನ್ನೂ ಎಂಜಿನ್ನಿನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ.

“ಏಳೋ. ಊಟದ ಹೊತ್ತಾಯ್ತು, ಮನೆಗೆ ಬಾ. ಇನ್ನು ಮೇಲೆ ಕೇಳಿದೋರಿಗೆಲ್ಲ ಎರಡು ಎಂಜಿನ್ ಅಂತಾನೇ ಹೇಳ್ತೀನಿ. ಆದ್ರೆ ಇದನ್ನೂ ಹೇಳ್ತೀನಿ, ಮೊದಲನೇದು ಕೆಟ್ಟಿದ್ದಲ್ಲ. ಕೆಡಿಸಿದ್ದು.”